ಕಟ್ಟೆ ಬದಲಾದಾಗ ಮಾತು ಎಲ್ಲಿಗೆ ಹೋಗುತ್ತದೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟರು. ಹುಟ್ಟಿದ ಮನೆಯಲ್ಲಿಯೇ ಬಾಳಿ ಮುಗಿಸುತ್ತಿದ್ದ ಕಾಲವದು; ಅದಕ್ಕೇ ಇರಬೇಕು, 'ಮನೆ ಬದಲಾಯಿಸಿ ನೋಡು' ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಒಂದು ಸಂಸಾರ ಮನೆ ಬದಲಾಯಿಸುವುದೇ ಇಷ್ಟು ಕಷ್ಟವಾದರೆ, ಸಾವಿರಾರು ಜನ ಕೂಡಿ ಮಾತನಾಡುತ್ತಿದ್ದ ಒಂದು ಕಟ್ಟೆ ತನ್ನ ಜಾಗವನ್ನು ಬದಲಾಯಿಸಬೇಕಾಗಿ ಬಂದರೆ ಏನಾದೀತು?

ನಿಮ್ಮಲ್ಲಿ ಹಲವರಿಗೆ ನಾನು ಎಂಟನೆಯ ತರಗತಿಯಿಂದ ಚರಿತ್ರೆಯ ಪಾಠ ಹೇಳಿದವನು. 1327ರಲ್ಲಿ ಮಹಮ್ಮದ್ ಬಿನ್ ತುಘಲಕನು ದೆಹಲಿಯಿಂದ ದೇವಗಿರಿಗೆ ರಾಜಧಾನಿಯನ್ನು ಸಾಗಿಸಿದ ಪಾಠ ಬಂದಾಗ ತರಗತಿಯಲ್ಲಿ ಏಳುತ್ತಿದ್ದ ನಗು ನೆನಪಿರಬಹುದು. ಇಂದು ಹೇಳಹೊರಟಿರುವ ವಲಸೆಗಳಲ್ಲಿ ಎತ್ತಿನ ಗಾಡಿಯಿಲ್ಲ, ಧೂಳಿಲ್ಲ. ಕಂಪ್ಯೂಟರುಗಳ ಜಾಲದೊಳಗೆ ಮಾತಿಗಾಗಿ ಕೂಡಿದ ಜನ ಒಂದು ತಾಣವನ್ನು ತೊರೆದು ಇನ್ನೊಂದಕ್ಕೆ ಹೋದ ಕಥೆಗಳಿವು. ನಾಲ್ಕೂವರೆ ದಶಕಗಳಷ್ಟು ಹಳೆಯದಾದ ಈ ಇತಿಹಾಸವನ್ನು ಬರೆಯಲು ನನಗೊಂದು ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲ ಕಟ್ಟೆ

1979ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್, ಒಂದು ಕಂಪ್ಯೂಟರಿನಲ್ಲಿ ಬರೆದ ಸಂದೇಶವನ್ನು ಬೇರೆ ಊರಿನ ಕಂಪ್ಯೂಟರಿನಲ್ಲಿಯೂ ಓದುವಂತೆ ಮಾಡುವ ಉಪಾಯವೊಂದನ್ನು ಯೋಚಿಸಿದರು. ಪಕ್ಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ಸ್ಟೀವ್ ಬೆಲೊವಿನ್ ಅದಕ್ಕೆ ಮೊದಲ ತಂತ್ರಾಂಶವನ್ನು ಬರೆದರು. 1980ರಲ್ಲಿ ಇದು ಉಳಿದ ವಿಶ್ವವಿದ್ಯಾನಿಲಯಗಳಿಗೂ ತೆರೆದುಕೊಂಡಿತು. ಯೂಸ್‌ನೆಟ್ ಎಂಬ ಹೆಸರಿನ ಈ ವ್ಯವಸ್ಥೆಯಲ್ಲಿ ಕಂಪ್ಯೂಟರುಗಳು ರಾತ್ರಿಯ ಹೊತ್ತು, ಕರೆಯ ದರ ಕಡಿಮೆ ಇರುವಾಗ, ದೂರವಾಣಿಯ ಮೂಲಕ ಒಂದನ್ನೊಂದು ಕರೆದು ಅಂದಿನ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದವು. ಅಂಚೆಯ ಚೀಲ ಒಂದೂರಿನಿಂದ ಇನ್ನೊಂದೂರಿಗೆ ಹೋಗುವಂತೆ ಮಾತು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸಾಗುತ್ತಿತ್ತು.

ಈ ಕಟ್ಟೆಗೆ ಯಜಮಾನರೆಂಬುವರು ಇರಲಿಲ್ಲ. ಪ್ರತಿಯೊಂದು ಸಂಸ್ಥೆಯೂ ತನ್ನ ಕಂಪ್ಯೂಟರಿನಲ್ಲಿ ಎಲ್ಲ ಸಂದೇಶಗಳ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳುತ್ತಿತ್ತು. ಆದರೆ ಆ ಕಾಲದ ಡಿಸ್ಕುಗಳು ಚಿಕ್ಕವು, ಬೆಲೆಯೋ ಬಹಳ. ಹಾಗಾಗಿ ಕೆಲವು ದಿನ ಅಥವಾ ಕೆಲವು ವಾರ ಕಳೆದ ಸಂದೇಶಗಳನ್ನು ಅಳಿಸಿ ಹೊಸದಕ್ಕೆ ಜಾಗ ಮಾಡಬೇಕಾಗಿತ್ತು. ಕಟ್ಟೆಯ ಮೇಲಿನ ಮಾತು ಗಾಳಿಗೆ ಹೋಯಿತು ಎಂಬ ಭಾವನೆಯಲ್ಲಿಯೇ ಎಲ್ಲರೂ ಬರೆಯುತ್ತಿದ್ದರು.

ಹೆಸರು ಬದಲಾದ ವರ್ಷ

ಗುಂಪುಗಳು ಬೆಳೆದಂತೆ ಖರ್ಚೂ ಬೆಳೆಯಿತು. ಯೂರೋಪಿನವರಿಗೆ ಸಾಗರದಾಚೆಯಿಂದ ಸಂದೇಶಗಳನ್ನು ತರಿಸಿಕೊಳ್ಳುವುದು ದುಬಾರಿ. ಕೆಲವು ಗುಂಪುಗಳ ಕೊನೆಯಿಲ್ಲದ ಜಗಳವನ್ನು ಹಣ ಕೊಟ್ಟು ತರಿಸಿಕೊಳ್ಳಲು ಅವರು ಒಪ್ಪಲಿಲ್ಲ. ವಿಷಯಗಳನ್ನು ವಿಂಗಡಿಸಿದ್ದರೆ ಬೇಡದ್ದನ್ನು ಬಿಡಬಹುದಾಗಿತ್ತು. ಹೀಗೆ 1986-87ರಲ್ಲಿ ಯೂಸ್‌ನೆಟ್ಟಿನ ಎಲ್ಲ ಗುಂಪುಗಳಿಗೂ ಹೊಸ ಹೆಸರಿಡುವ ಕಾರ್ಯ ನಡೆಯಿತು. ಕಂಪ್ಯೂಟರು, ವಿಜ್ಞಾನ, ಸಮಾಜ, ಮನರಂಜನೆ, ಸುದ್ದಿ, ವಾದವಿವಾದ, ಇತರೆ ಎಂದು ಏಳು ಕವಲುಗಳಾದವು. ಚರಿತ್ರೆಯಲ್ಲಿ ಇದು 'ಮಹಾ ನಾಮಾಂತರ' ಎಂದು ದಾಖಲಾಗಿದೆ.

ಇಲ್ಲಿ ಒಂದು ಸಣ್ಣ ಘಟನೆಯನ್ನು ಗಮನಿಸಬೇಕು. ಬ್ರಯಾನ್ ರೀಡ್ ಎಂಬ ಕಂಪ್ಯೂಟರ್ ವಿಜ್ಞಾನಿ ಅಡುಗೆಯ ವಿಧಾನಗಳ ಗುಂಪೊಂದನ್ನು ನಡೆಸುತ್ತಿದ್ದರು. ಅವರ ಗುಂಪಿಗೆ ಹಿರಿಯ ನಿರ್ವಾಹಕರು ಕೊಟ್ಟ ಹೊಸ ಹೆಸರು ಅವರಿಗೆ ಹಿಡಿಸಲಿಲ್ಲ. 1987ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಊಟದ ಮನೆಯಲ್ಲಿ ರೀಡ್, ಜಾನ್ ಗಿಲ್ಮೋರ್ ಮತ್ತು ಗಾರ್ಡನ್ ಮೋ ಕುಳಿತು, ಯಾರ ಅಪ್ಪಣೆಯೂ ಬೇಕಿಲ್ಲದ ಇನ್ನೊಂದು ಕವಲನ್ನು ತೆರೆಯಲು ನಿಶ್ಚಯಿಸಿದರು. 'ಆಲ್ಟ್' ಎಂಬ ಆ ಕವಲು ಮುಂದೆ ಉಳಿದವುಗಳನ್ನೆಲ್ಲ ಮೀರಿಸಿ ಬೆಳೆಯಿತು. ಕಟ್ಟೆಯ ವ್ಯವಸ್ಥೆಯನ್ನು ಮೇಲಿನವರು ಎಷ್ಟೇ ಚೆನ್ನಾಗಿ ರೂಪಿಸಲಿ, ಅಲ್ಲಿ ಕೂರುವವರನ್ನು ಕೇಳದಿದ್ದರೆ ಅವರು ಬೇರೆ ಮರದ ನೆರಳನ್ನು ಹುಡುಕುತ್ತಾರೆ. ದೇವಗಿರಿಯ ಪಾಠವೂ ಇದೇ ಆಗಿತ್ತಲ್ಲವೇ?

ನೂರನಲವತ್ತೊಂದು ಟೇಪುಗಳು

ಗಾಳಿಗೆ ಹೋಯಿತೆಂದುಕೊಂಡಿದ್ದ ಮಾತುಗಳ ಗತಿ ಏನಾಯಿತು? ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ ಎಂಬವರು 1981ರಿಂದ 1991ರವರೆಗೆ ತಮ್ಮಲ್ಲಿಗೆ ಬಂದ ಯೂಸ್‌ನೆಟ್ ಸಂದೇಶಗಳನ್ನು ಅಳಿಸುವ ಮೊದಲು ಟೇಪಿನ ಸುರುಳಿಗಳಿಗೆ ತುಂಬಿಡುತ್ತಿದ್ದರು. ಒಟ್ಟು 141 ಟೇಪುಗಳಾದವು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಂದೇಶಗಳು ಅವುಗಳಲ್ಲಿದ್ದವು. ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾನಿಲಯದ ಡೇವಿಡ್ ವೈಸ್‌ಮನ್ ಅವುಗಳನ್ನು ತಮ್ಮ ಪಿಕಪ್ ವಾಹನದಲ್ಲಿ ಹೇರಿಕೊಂಡು ಹೋದರು. ಹಳೆಯ ಟೇಪನ್ನು ಓದುವ ಯಂತ್ರವೂ ಬೇಕು, ಓದಿದ್ದನ್ನು ಇಡಲು ಖಾಲಿ ಡಿಸ್ಕೂ ಬೇಕು. ಹೊತ್ತು ಸಿಕ್ಕಾಗ, ಜಾಗ ಸಿಕ್ಕಾಗ, ಸ್ವಲ್ಪ ಸ್ವಲ್ಪವಾಗಿ ಅವರೂ ಅವರ ಜೊತೆಗಾರರೂ ಆ ಮಾತುಗಳನ್ನು ಹೊರತೆಗೆದರು.

ಇತ್ತ 1995ರಲ್ಲಿ ಡೆಜಾ ನ್ಯೂಸ್ ಎಂಬ ಕಂಪನಿ ಯೂಸ್‌ನೆಟ್ಟಿನ ಸಂದೇಶಗಳನ್ನು ಸಂಗ್ರಹಿಸಿ ಹುಡುಕಲು ಅನುಕೂಲ ಮಾಡಿಕೊಟ್ಟಿತ್ತು. 2001ರ ಫೆಬ್ರವರಿಯಲ್ಲಿ ಗೂಗಲ್ ಆ ಸಂಗ್ರಹವನ್ನು ಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಪೆನ್ಸರರ ಟೇಪುಗಳಲ್ಲಿದ್ದುದನ್ನೂ ಸೇರಿಸಿ ಇಪ್ಪತ್ತು ವರ್ಷಗಳ, 70 ಕೋಟಿಗೂ ಹೆಚ್ಚು ಸಂದೇಶಗಳ ಭಂಡಾರವನ್ನು ಜನರ ಮುಂದಿಟ್ಟಿತು. 1991ರ ಆಗಸ್ಟ್ 6ರಂದು ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲದ ಬಗ್ಗೆ ಬರೆದದ್ದು, ಅದೇ ತಿಂಗಳ 25ರಂದು ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ತಾನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿದ್ದೇನೆಂದು ಹೇಳಿದ್ದು, ಎಲ್ಲವನ್ನೂ ಆ ಭಂಡಾರದಲ್ಲಿ ಓದಬಹುದಾಯಿತು. ಆ ವಿದ್ಯಾರ್ಥಿಯ ವ್ಯವಸ್ಥೆಯೇ ಇಂದಿನ ಲಿನಕ್ಸ್. 2024ರ ಫೆಬ್ರವರಿ 22ರಿಂದ ಗೂಗಲ್ ತನ್ನ ತಾಣದಲ್ಲಿ ಯೂಸ್‌ನೆಟ್ಟಿನ ಹೊಸ ಸಂದೇಶಗಳನ್ನು ನಿಲ್ಲಿಸಿತು. ಹಳೆಯದನ್ನು ಓದುವ ಅವಕಾಶವನ್ನು ಮಾತ್ರ ಉಳಿಸಿತು.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನೀವು ಕನ್ನಡ ಪಾಠದಲ್ಲಿ ಓದಿದ್ದೀರಿ. ಓಲೆಗರಿಗೆ ಗೆದ್ದಲು ಹಿಡಿಯುತ್ತದೆ, ಟೇಪಿಗೆ ಬೂಷ್ಟು ಹಿಡಿಯುತ್ತದೆ. ಗ್ರಂಥವಾಗಲಿ ಹರಟೆಯಾಗಲಿ ಉಳಿಯುವುದು, ಅದು ಇನ್ನೂ ಇರುವಾಗಲೇ ಯಾರೋ ಒಬ್ಬರು ಪ್ರತಿ ಮಾಡಿಸಿಟ್ಟರೆ ಮಾತ್ರ.

ಆದರೆ ಸಂಗ್ರಹಕ್ಕೂ ಒಂದು ಮರ್ಯಾದೆಯಿದೆ. ನಾಲ್ಕು ದಿನದಲ್ಲಿ ಅಳಿಯುವುದೆಂದು ನಂಬಿ ಬರೆದವರ ಮಾತು ಇಪ್ಪತ್ತು ವರ್ಷದ ಮೇಲೆ ಅವರ ಹೆಸರಿನೊಡನೆ ಎಲ್ಲರಿಗೂ ಕಾಣಿಸಿದಾಗ ಹಲವರು ಇರಿಸುಮುರಿಸುಪಟ್ಟರು. ಡೆಜಾ ನ್ಯೂಸಿನ ಕಾಲದಲ್ಲಿಯೇ, ತನ್ನ ಸಂದೇಶವನ್ನು ಸಂಗ್ರಹಿಸಬೇಡಿ ಎಂದು ಬರೆದವನು ಒಂದು ಸಾಲಿನಲ್ಲಿ ಸೂಚಿಸುವ ಪದ್ಧತಿ ಬಳಕೆಗೆ ಬಂದಿತ್ತು. ಸಾಗಿಸುವವರು ಆಡಿದವರನ್ನು ಕೇಳಬೇಕೆಂಬ ನ್ಯಾಯ ಅಂದೇ ಹುಟ್ಟಿತ್ತು.

ಯಜಮಾನನು ಬಾಗಿಲು ಹಾಕಿದಾಗ

ಯೂಸ್‌ನೆಟ್ಟಿನ ನಂತರದ ಕಟ್ಟೆಗಳಿಗೆ ಯಜಮಾನರು ಬಂದರು. ಜಾಗವೂ ಅವರದ್ದು, ಬೀಗವೂ ಅವರದ್ದು. 1998ರಲ್ಲಿ ಮಾರ್ಕ್ ಫ್ಲೆಚರ್ ಎಂಬವರು ಒನ್‌ಲಿಸ್ಟ್ ಎಂಬ ಅಂಚೆಗುಂಪುಗಳ ತಾಣವನ್ನು ತೆರೆದರು. ಒಬ್ಬರು ಬರೆದ ಪತ್ರ ಗುಂಪಿನ ಎಲ್ಲರ ಮಿಂಚಂಚೆಗೂ ತಲುಪುವ ಏರ್ಪಾಡು ಅದು. ಅದು ಈಗ್ರೂಪ್ಸ್ ಎಂಬ ಇನ್ನೊಂದು ತಾಣದೊಡನೆ ಕೂಡಿಕೊಂಡಿತು. 2000ದಲ್ಲಿ ಯಾಹೂ ಕಂಪನಿ ಅದನ್ನು ಕೊಂಡು ಯಾಹೂ ಗ್ರೂಪ್ಸ್ ಎಂದು ಕರೆಯಿತು. ಹೊರನಾಡಿನ ಕನ್ನಡಿಗರು, ಕಾಲೇಜಿನ ಹಳೆಯ ಗೆಳೆಯರು, ಅಪರೂಪದ ಕಾಯಿಲೆಯ ರೋಗಿಗಳು, ವಂಶವೃಕ್ಷ ಹುಡುಕುವವರು, ಹೀಗೆ ಲಕ್ಷಾಂತರ ಗುಂಪುಗಳು ಅಲ್ಲಿ ನೆಲೆಸಿದವು.

2019ರ ಅಕ್ಟೋಬರಿನಲ್ಲಿ ಒಂದು ಪ್ರಕಟಣೆ ಬಂದಿತು. ಡಿಸೆಂಬರ್ 14ರಂದು ಗುಂಪುಗಳ ಹಳೆಯ ಸಂದೇಶ, ಚಿತ್ರ, ಕಡತಗಳನ್ನೆಲ್ಲ ಅಳಿಸಲಾಗುವುದು, ಬೇಕಾದವರು ಅದರೊಳಗೆ ಇಳಿಸಿಕೊಳ್ಳಬೇಕು ಎಂಬುದು ಅದರ ಸಾರಾಂಶ. ಎರಡು ದಶಕದ ಸಂಸಾರವನ್ನು ಎರಡು ತಿಂಗಳಲ್ಲಿ ಖಾಲಿ ಮಾಡಬೇಕಾಯಿತು. ಗುಂಪನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಆ ವೇಳೆಗೆ ತೀರಿಕೊಂಡಿದ್ದರು, ಇನ್ನೆಷ್ಟೋ ಮಂದಿಗೆ ಪಾಸ್‌ವರ್ಡ್ ಮರೆತುಹೋಗಿತ್ತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡ ಆದಷ್ಟನ್ನು ಉಳಿಸಲು ಹೊರಟಾಗ ಅವರ ಅನೇಕ ಖಾತೆಗಳನ್ನು ತಡೆಹಿಡಿಯಲಾಯಿತು. ಕೂಗಾಟದ ಮೇಲೆ ಗಡುವು 2020ರ ಜನವರಿ 31ಕ್ಕೆ ಮುಂದೆ ಹೋಯಿತು. ಅದೇ ವರ್ಷದ ಡಿಸೆಂಬರ್ 15ರಂದು ಉಳಿದ ಅಂಚೆಸೇವೆಯೂ ನಿಂತಿತು.

ಆದರೂ ಬಹಳಷ್ಟು ಗುಂಪುಗಳು ಪಾರಾದವು. ಒನ್‌ಲಿಸ್ಟನ್ನು ತೆರೆದಿದ್ದ ಅದೇ ಫ್ಲೆಚರ್ 2014ರಲ್ಲಿ ಗ್ರೂಪ್ಸ್.ಐಒ ಎಂಬ ಹೊಸ ತಾಣವನ್ನು ಕಟ್ಟಿದ್ದರು. ಹಳೆಯ ಗುಂಪಿನ ಸದಸ್ಯರ ಪಟ್ಟಿ, ಸಂದೇಶ, ಕಡತಗಳನ್ನು ಒಟ್ಟಾಗಿ ಅಲ್ಲಿಗೆ ಸಾಗಿಸುವ ವ್ಯವಸ್ಥೆ ಮಾಡಿದ್ದರು. ಯಾವ ಗುಂಪಿನಲ್ಲಿ ಎಚ್ಚರವಿದ್ದ ನಿರ್ವಾಹಕರು ಒಬ್ಬರಾದರೂ ಇದ್ದರೋ, ಖರ್ಚಿಗೆ ಕೈಜೋಡಿಸುವ ನಾಲ್ಕು ಮಂದಿ ಇದ್ದರೋ, ಆ ಗುಂಪು ಉಳಿಯಿತು. ಮಿಕ್ಕವುಗಳಲ್ಲಿ ಬಹಳಷ್ಟು ಅಳಿದವು.

ಇದು ಒಂದೇ ಕಂಪನಿಯ ಕಥೆಯಲ್ಲ. ಜನ ತಮ್ಮ ಮೊದಲ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್ 26ರಂದು ಮುಚ್ಚಿತು. ಬ್ರೆಜಿಲ್ ಮತ್ತು ಭಾರತದಲ್ಲಿ ಮನೆಮಾತಾಗಿದ್ದ ಆರ್ಕುಟ್ 2004ರ ಜನವರಿಯಲ್ಲಿ ಹುಟ್ಟಿ 2014ರ ಸೆಪ್ಟೆಂಬರ್ 30ರಂದು ಮುಗಿಯಿತು. ಬಾಡಿಗೆ ಕೇಳದ ಮನೆಯಲ್ಲಿ ಇದ್ದವರಿಗೆ, ಒಡೆಯನು ಮನೆ ಕೆಡವುವಾಗ ಕೇಳುವ ಹಕ್ಕೂ ಕಡಿಮೆ.

ಮಾತಿನ ಒಡೆತನ ಯಾರದ್ದು?

ಹಾಗಾದರೆ ಹಕ್ಕು ಇದ್ದವರ ವಲಸೆ ಹೇಗಿರುತ್ತದೆ? ಅದಕ್ಕೂ ಉದಾಹರಣೆಯಿದೆ. 2003ರಲ್ಲಿ ಇವಾನ್ ಪ್ರೊಡ್ರೊಮೌ ಮತ್ತು ಮಿಶೆಲ್ ಆನ್ ಜೆಂಕಿನ್ಸ್ ಎಂಬ ಇಬ್ಬರು ವಿಕಿಟ್ರಾವೆಲ್ ಎಂಬ ಪ್ರವಾಸ ಕೈಪಿಡಿಯನ್ನು ಆರಂಭಿಸಿದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಬರೆದವರ ಹೆಸರನ್ನು ಉಳಿಸಿಕೊಂಡು, ಅದೇ ಷರತ್ತಿನಲ್ಲಿ, ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದೆಂಬ ಪರವಾನಗಿಯನ್ನು ಮೊದಲ ದಿನಗಳಿಂದಲೇ ಅದಕ್ಕೆ ಅಂಟಿಸಿದ್ದರು. 2006ರಲ್ಲಿ ಆ ತಾಣವನ್ನು ಇಂಟರ್ನೆಟ್ ಬ್ರಾಂಡ್ಸ್ ಎಂಬ ಕಂಪನಿ ಕೊಂಡಿತು. ಇದನ್ನು ಒಪ್ಪದ ಜರ್ಮನ್ ಭಾಷೆಯ ಬರಹಗಾರರು ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ ಲೇಖನಗಳ ಪ್ರತಿಯೊಡನೆ ಹೊರಬಂದು ವಿಕಿವಾಯೇಜ್ ಎಂಬ ಹೊಸ ತಾಣವನ್ನು ಕಟ್ಟಿದರು.

2012ರಲ್ಲಿ ಇಂಗ್ಲಿಷಿನ ಬರಹಗಾರರೂ ಅದೇ ದಾರಿ ಹಿಡಿದರು. ಜಾಹೀರಾತಿನ ಕಾಟ, ತಂತ್ರಾಂಶದ ಅಲಕ್ಷ್ಯ ಎಂಬ ದೂರುಗಳು ಅವರಿಗಿದ್ದವು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಆಶ್ರಯಕ್ಕೆ ಹೋಗಬೇಕೆಂದು ಬಹಿರಂಗವಾಗಿ ಚರ್ಚಿಸಿ ನಿರ್ಧರಿಸಿದರು. ಕಂಪನಿ ಇಬ್ಬರು ಸ್ವಯಂಸೇವಕರ ಮೇಲೆ ಮೊಕದ್ದಮೆ ಹೂಡಿತು. ಸಂಬಳವಿಲ್ಲದೆ ಬರೆದವರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ನವೆಂಬರಿನಲ್ಲಿ ಆ ದಾವೆಯನ್ನು ನ್ಯಾಯಾಲಯ ವಜಾ ಮಾಡಿತು. 2013ರ ಫೆಬ್ರವರಿಯಲ್ಲಿ ಉಳಿದ ವ್ಯಾಜ್ಯವೂ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ, ಜನವರಿ 15ರಂದು, ವಿಕಿವಾಯೇಜ್ ಹೊಸ ಮನೆಯಲ್ಲಿ ಅಧಿಕೃತವಾಗಿ ಗೃಹಪ್ರವೇಶ ಮಾಡಿತ್ತು.

ಬರಹ ಬಂದಿತು, ಹೆಸರು ಬರಲಿಲ್ಲ. ವಿಕಿಟ್ರಾವೆಲ್ ಎಂಬ ಹೆಸರು ಕಂಪನಿಯ ಸ್ವತ್ತು. ಹತ್ತು ವರ್ಷ ಆ ಹೆಸರಿಗೆ ಗೌರವ ತಂದವರು ಅದನ್ನು ಅಲ್ಲಿಯೇ ಬಿಟ್ಟು, ಹೊಸ ಹೆಸರನ್ನು ಜನರಿಗೆ ಪರಿಚಯಿಸಬೇಕಾಯಿತು. ಆದರೂ ಆರಂಭದಲ್ಲಿ ಬರೆದಿಟ್ಟ ಪರವಾನಗಿಯ ಆ ಸಾಲು ಇಲ್ಲದಿದ್ದರೆ ಬರಹವೂ ಬರುತ್ತಿರಲಿಲ್ಲ. ಮನೆ ಸೇರುವ ದಿನವೇ ಬಿಡುವ ದಿನದ ಕರಾರನ್ನು ಬರೆದಿಟ್ಟುಕೊಂಡ ಜಾಣರು ಅವರು.

ಇನ್ನೊಂದು ವಲಸೆ ಕೆಲವೇ ವಾರಗಳಲ್ಲಿ ನಡೆಯಿತು. ಮುಕ್ತ ತಂತ್ರಾಂಶದವರು ಅನೇಕ ವರ್ಷ ಕೂಡುತ್ತಿದ್ದ ಫ್ರೀನೋಡ್ ಎಂಬ ಹರಟೆಯ ಜಾಲದ ಒಡೆತನದ ಬಗ್ಗೆ ವಿವಾದವೆದ್ದು, 2021ರ ಮೇ 19ರಂದು ಅದರ ಸ್ವಯಂಸೇವಕ ಸಿಬ್ಬಂದಿ ರಾಜೀನಾಮೆಯಿತ್ತು ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ತೆರೆದರು. ಕೊಠಡಿಯ ಬಾಗಿಲಿಗೆ 'ನಾವು ಇಂಥಲ್ಲಿಗೆ ಹೋಗಿದ್ದೇವೆ' ಎಂಬ ಫಲಕ ತೂಗುಹಾಕಿದ ನೂರಾರು ಗುಂಪುಗಳನ್ನು ಒಂದೇ ವಾರದೊಳಗೆ ಹಳೆಯ ಜಾಲದವರು ವಶಪಡಿಸಿಕೊಂಡರು. ಇದರಿಂದ, ಅನುಮಾನಿಸುತ್ತ ಕುಳಿತಿದ್ದವರೂ ಹೊರಟರು. ಫಲಕವೇ ಇಲ್ಲದಿದ್ದರೆ ತಡವಾಗಿ ಬಂದವನಿಗೆ ದಾರಿ ಹೇಳುವವರು ಯಾರು?

ನಮ್ಮ ಅಕ್ಷರಗಳ ತೊಡಕು

ಇಂಗ್ಲಿಷಿನವರಿಗೆ ಇಲ್ಲದ ಒಂದು ಕಷ್ಟ ಕನ್ನಡಿಗರಿಗೆ ಇತ್ತು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಯೂಸ್‌ನೆಟ್ಟಿನಲ್ಲಿ ಕರ್ನಾಟಕದ ಹೆಸರಿನದೇ ಒಂದು ಗುಂಪಿತ್ತು. ಆದರೆ ಅಲ್ಲಿ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕಾಗಿತ್ತು. ಬಳಿಕ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ನಮ್ಮ ಅಕ್ಷರಗಳು ಪರದೆಯ ಮೇಲೆ ಮೂಡಿದವು.

ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಒಂದು ಗುಟ್ಟಿತ್ತು. ಕಂಪ್ಯೂಟರಿನ ಒಳಗೆ ಇರುತ್ತಿದ್ದುದು ಇಂಗ್ಲಿಷಿನ ಮತ್ತು ಯೂರೋಪಿನ ಚಿಹ್ನೆಗಳ ಸಂಖ್ಯೆಗಳೇ. ಆ ಚಿಹ್ನೆಗಳ ಚಿತ್ರದ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರವನ್ನು ಕೂರಿಸಿರುತ್ತಿದ್ದರು. ಅದೇ ಅಕ್ಷರವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದರೆ 'ಕನ್ನಡ' ಎಂಬ ಪದದ ನಡುವೆ ಬ್ರಿಟಿಷರ ಪೌಂಡ್ ನಾಣ್ಯದ ಗುರುತು ಕಾಣಿಸುತ್ತಿತ್ತು! ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದ್ದರೂ, ಅದು ನಮ್ಮ ಕಂಪ್ಯೂಟರುಗಳಲ್ಲಿ ಬಳಕೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ. ಹಳೆಯ ಬರಹವನ್ನು ಯೂನಿಕೋಡಿಗೆ ಸಾಗಿಸಲು ಪರಿವರ್ತಕ ತಂತ್ರಾಂಶ ಬೇಕು. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು. ಇಂಥ ನೂರು ಸೂಕ್ಷ್ಮಗಳನ್ನು ಪರಿವರ್ತಕವು ಬಲ್ಲದ್ದಾಗಿರಬೇಕು. ಅಂದರೆ, ನಾವು ತಾಣವನ್ನು ಬದಲಾಯಿಸುವಾಗ ಲಿಪಿಯನ್ನೂ ಬದಲಾಯಿಸಿ ಸಾಗಿಸಬೇಕಾಗಿತ್ತು.

ಈಗ ನಮ್ಮ ವಿಷಯ

ಇನ್ನು ಈ ಬರಹಕ್ಕೆ ಕಾರಣವಾದ ಮಾತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಮೊಬೈಲ್ ಗುಂಪು ತುಂಬಿ ತುಳುಕುತ್ತಿದೆ, ಮುಂಜಾನೆಯ ಶುಭಾಶಯಗಳ ನಡುವೆ ಮುಖ್ಯವಾದುದೆಲ್ಲ ಮುಳುಗುತ್ತಿದೆ, ಬೇರೆ ಕಡೆಗೆ ಹೋಗೋಣ ಎಂದು ನಿಮ್ಮಲ್ಲಿ ಕೆಲವರು ಸೂಚಿಸಿದ್ದೀರಿ. ಇದು ನಿಮ್ಮ ಎರಡನೆಯ ವಲಸೆ. ಮೊದಲು ನಿಮ್ಮದೊಂದು ಅಂಚೆಗುಂಪಿತ್ತು. ಅಲ್ಲಿಂದ ಮೊಬೈಲಿಗೆ ಬಂದಾಗ ಹಳೆಯ ಪತ್ರಗಳನ್ನು ಯಾರೂ ತರಲಿಲ್ಲ. ಆ ಸೇವೆಯೂ ಮುಂದೆ ನಿಂತುಹೋಯಿತು.

ಆ ಪತ್ರಗಳು ಪೂರ್ತಿ ಹೋದವೆಂದೇ ನಾವೆಲ್ಲ ತಿಳಿದಿದ್ದೆವು. ನಿಮ್ಮ ತರಗತಿಯವಳೇ ಒಬ್ಬಳು, ಕಂಪ್ಯೂಟರ್ ಬಾರದ ತನ್ನ ತಂದೆಗೆ ಓದಲು ಕೊಡಲೆಂದು, ಎರಡು ವರ್ಷದ ಪತ್ರಗಳನ್ನು ಆಗಾಗ ಮುದ್ರಿಸಿ ದಾರ ಕಟ್ಟಿ ಇಟ್ಟಿದ್ದಳು. ಈಚೆಗೆ ಆ ಕಟ್ಟನ್ನು ನನಗೆ ತಂದು ತೋರಿಸಿದಳು. ಹಳ್ಳ ತುಂಬಿ ಹರಿದ ದಿನ ಪಾಟಿಚೀಲವನ್ನು ತಲೆಯ ಮೇಲೆ ಹೊತ್ತು ದಾಟಿ ಪರೀಕ್ಷೆಗೆ ಬಂದದ್ದನ್ನು ಬರೆದ ಒಬ್ಬನ ಪತ್ರ ಅದರಲ್ಲಿದೆ. ಅದರ ಕೆಳಗೆ ಹನ್ನೊಂದು ಉತ್ತರಗಳಿವೆ. ಅದು ಯಾವ ವರ್ಷ, ಕೈಹಿಡಿದು ದಾಟಿಸಿದವರು ಯಾರು, ಅಂದು ಯಾವ ವಿಷಯದ ಪರೀಕ್ಷೆ ಎಂದು ಜಗಳವಾಡಿದ್ದೀರಿ. ಆ ಪತ್ರ ಬರೆದವನು ಈಗ ನಮ್ಮೊಡನಿಲ್ಲ. ಅವನ ಮಗ ಕಾಲೇಜಿನಲ್ಲಿದ್ದಾನೆ. ತಂದೆಯ ಬಾಲ್ಯದ ಬಗ್ಗೆ ತನಗೆ ಗೊತ್ತಿರುವುದು ಸ್ವಲ್ಪ, ಏನಾದರೂ ಇದ್ದರೆ ಕೊಡಿ ಎಂದು ಕೇಳಿ ನನಗೆ ಬರೆದಿದ್ದ. ಅವನಿಗೆ ಆ ಹನ್ನೆರಡು ಹಾಳೆಗಳ ನೆರಳಚ್ಚು ಪ್ರತಿಯನ್ನು ಕಳುಹಿಸಿದೆ. ಒಂದೇ ಹಾಳೆ ಕಳುಹಿಸಿದ್ದರೆ ಸಾಲುತ್ತಿರಲಿಲ್ಲ. ತಂದೆಯ ಮಾತಿಗಿಂತ ಹೆಚ್ಚಾಗಿ, ಅದಕ್ಕೆ ಓರಗೆಯವರು ಕೊಟ್ಟ ಉತ್ತರಗಳಲ್ಲಿಯೇ ಅವನಿಗೆ ತಂದೆ ಸಿಕ್ಕಿದ್ದು.

ಅದೇ ಪತ್ರಗಳ ಒಂದು ಭಾಗ ಇನ್ನೊಬ್ಬರ ಹಳೆಯ ಡಿಸ್ಕಿನಲ್ಲಿಯೂ ಇತ್ತು. ತೆರೆದರೆ ಬರೀ ಪೌಂಡ್ ಗುರುತುಗಳು! ಪರಿವರ್ತಕದಲ್ಲಿ ಹಾಕಿ, ಕಾಗದದ ಪ್ರತಿಯೊಡನೆ ಹೋಲಿಸಿ, ಒತ್ತಕ್ಷರಗಳನ್ನು ತಿದ್ದುತ್ತಿದ್ದೇನೆ. ನಿವೃತ್ತನಾದ ಮೇಲೂ ಉತ್ತರಪತ್ರಿಕೆ ತಿದ್ದುವ ಕೆಲಸ ತಪ್ಪಿಲ್ಲ ಎಂದು ಮನೆಯವರು ನಗುತ್ತಾರೆ.

ಚರಿತ್ರೆ ಓದಿದ ಮಕ್ಕಳು ನೀವು. ಹೊಸ ಜಾಗಕ್ಕೆ ಧಾರಾಳವಾಗಿ ಹೋಗಿ. ಹೋಗುವ ಮೊದಲು ಮೇಷ್ಟರ ನಾಲ್ಕು ಮಾತು ನಡೆಸಿಕೊಡಿ. ಮೊದಲನೆಯದು, ಈಗಿನ ಗುಂಪಿನ ಮಾತುಗಳನ್ನೂ ಚಿತ್ರಗಳನ್ನೂ ಕನಿಷ್ಠ ಮೂರು ಮಂದಿ ಮೂರು ಊರುಗಳಲ್ಲಿ ಪ್ರತಿ ಮಾಡಿ ಇಟ್ಟುಕೊಳ್ಳಿ. ಉತ್ತರಗಳ ಸರಣಿ ಕೆಡದಿರಲಿ. ಎರಡನೆಯದು, ಹೊಸ ಜಾಗದಿಂದ ಎಲ್ಲವನ್ನೂ ಹೊರಗೆ ತರಲು ಅವಕಾಶವಿದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿ, ಬೀಗದ ಕೈ ಒಬ್ಬನ ಬಳಿಯೇ ಇರದಂತೆ ನೋಡಿಕೊಳ್ಳಿ. ಮೂರನೆಯದು, ಮನೆಯ ಕಷ್ಟಸುಖ ಬರೆದುಕೊಂಡವರನ್ನು ಕೇಳದೆ ಅವರ ಪತ್ರವನ್ನು ಸಾಗಿಸಬೇಡಿ. ನಾಲ್ಕನೆಯದು, ಹಳೆಯ ಗುಂಪನ್ನು ಕೂಡಲೇ ಮುಚ್ಚದೆ ಒಂದು ವರ್ಷ ಫಲಕ ತೂಗುಹಾಕಿಡಿ. ದುಬೈಯಲ್ಲಿ, ಸೊಲ್ಲಾಪುರದಲ್ಲಿ ಇದ್ದು ಅಪರೂಪಕ್ಕೊಮ್ಮೆ ಇಣುಕುವವರೂ ನಿಮ್ಮ ಜೊತೆಯಲ್ಲಿ ಬೆಂಚಿನ ಮೇಲೆ ಕೂತವರೇ. ಅವರಿಗೆ ಮೊಬೈಲಿನಲ್ಲಿ ಬರೆದರೆ ಸಾಲದು, ಒಬ್ಬೊಬ್ಬರಿಗೂ ಕರೆ ಮಾಡಿ ತಿಳಿಸಿ.

ಅಂಚೆಗುಂಪಿನ ಕಾಲದ ಯಾವುದೇ ಪತ್ರ ನಿಮ್ಮ ಪೆಟ್ಟಿಗೆಯಲ್ಲೋ ಡಿಸ್ಕಿನಲ್ಲೋ ಉಳಿದಿದ್ದರೆ ಬರುವ ದೀಪಾವಳಿಯೊಳಗೆ ನನಗೆ ತಲುಪಿಸಿರಿ. ಅಕ್ಷರ ಕೆಟ್ಟಿದ್ದರೂ ಚಿಂತೆಯಿಲ್ಲ, ತಿದ್ದಿಕೊಳ್ಳುತ್ತೇನೆ. ಆ ಹುಡುಗ ಇನ್ನೂ ಕೇಳುತ್ತಿದ್ದಾನೆ.